ಸಕ್ಕರೆ ಇಳಿದರೂ ಇನ್ಸುಲಿನ್ ಯಾಕೆ?

ಅಕ್ಕನ ಮಗ ಧಾರವಾಡದಿಂದ ಪುಣೆಗೆ ಓದಲು ಬಂದು ಪಿಜಿಯಲ್ಲಿದ್ದಾನೆ. ಹತ್ತನೆಯ ವಯಸ್ಸಿನಿಂದ ಟೈಪ್ 1 ಮಧುಮೇಹ. ಕಳೆದ ಮಳೆಗಾಲದಲ್ಲಿ ಎರಡು ದಿನ ಜ್ವರ, ವಾಂತಿ. ಊಟವೇ ಇಲ್ಲವಲ್ಲ ಎಂದು ಇನ್ಸುಲಿನ್ ಕೂಡ ಬಿಟ್ಟಿದ್ದ. ರೂಮ್‌ಮೇಟ್ ಫೋನ್ ಮಾಡಿದ ಮೇಲೆ ಹೋಗಿ ನೋಡಿದರೆ, ಹುಡುಗ ಮಲಗಿದಲ್ಲೇ ಓಡಿ ಬಂದವನ ಹಾಗೆ ಆಳವಾಗಿ ಉಸಿರಾಡುತ್ತಿದ್ದ. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ. ನೇರ ಎಮರ್ಜೆನ್ಸಿಗೆ ಕರೆದೊಯ್ದೆ.

ಅಲ್ಲಿ ಸಕ್ಕರೆಯ ಜೊತೆ ರಕ್ತದ ಪಿಎಚ್ ಕೂಡ ನೋಡಿದರು. 7.35ರಿಂದ 7.45 ಇರಬೇಕಾದದ್ದು 7.16 ಇತ್ತು. ಇನ್ಸುಲಿನ್ ಇಲ್ಲದಾಗ ದೇಹ ಸಕ್ಕರೆಯನ್ನು ಬಳಸಲಾಗದೆ ಕೊಬ್ಬನ್ನು ಒಡೆಯುತ್ತದೆ. ಆಗ ಹುಟ್ಟುವ ಕೀಟೋನ್‌ಗಳು ರಕ್ತವನ್ನು ಹುಳಿಯಾಗಿಸುತ್ತವೆ. ಆ ಹುಳಿಯನ್ನು ಕಡಿಮೆ ಮಾಡಲು ದೇಹ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತದೆ. ಆ ಒದ್ದಾಟವೇ ಆ ಉಸಿರು. ಜರ್ಮನಿಯ ವೈದ್ಯ ಕುಸ್ಮೌಲ್ 1874ರಲ್ಲಿ ಅದನ್ನು ವಿವರಿಸಿದ್ದರು, ಇಂದಿಗೂ ಅದಕ್ಕೆ ಅವರದೇ ಹೆಸರು.

ಮೊದಲು ಸಲೈನ್ ಹಾಕಿದರು. ಪೊಟ್ಯಾಶಿಯಂ ಎಷ್ಟಿದೆ ಎಂದು ನೋಡಿದ ನಂತರವೇ ಇನ್ಸುಲಿನ್ ಶುರುವಾಯಿತು. ಇನ್ಸುಲಿನ್ ಪೊಟ್ಯಾಶಿಯಮನ್ನು ಜೀವಕೋಶಗಳೊಳಗೆ ತಳ್ಳುತ್ತದೆ. ರಕ್ತದಲ್ಲಿ ಅದು ತೀರಾ ಇಳಿದರೆ ಹೃದಯಕ್ಕೇ ಅಪಾಯ.

ರಾತ್ರಿ ಸಕ್ಕರೆ 250ಕ್ಕಿಂತ ಕೆಳಗಿಳಿಯಿತು. ಇನ್ಸುಲಿನ್ ನಿಲ್ಲಲಿಲ್ಲ, ಬದಲಿಗೆ ಗ್ಲೂಕೋಸ್ ಬಾಟಲಿಯೂ ಬಂತು. ಊರಿಂದ ಅಕ್ಕನ ಫೋನ್: "ಶುಗರ್ ಇದ್ದಾಂವಗ ಗ್ಲೂಕೋಸ್ ಹಚ್ಯಾರಂತಲ್ಲೋ ತಮ್ಮಾ, ಯಾಕಂತ ಕೇಳಬಾರದೇನು?"

ಕೇಳಿದೆ. ಡ್ಯೂಟಿ ಡಾಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು. ಬಂದಾಗ ಸೋಡಿಯಂ 134. ಅದರಲ್ಲಿ ಕ್ಲೋರೈಡ್ 100, ಬೈಕಾರ್ಬೊನೇಟ್ 6 ಕಳೆದರೆ ಉಳಿಯುವುದು 28. ಇದೇ ಆನಯಾನ್ ಗ್ಯಾಪ್. ಸಾಮಾನ್ಯವಾಗಿ 8ರಿಂದ 12. ಈಗಲೂ 20 ಇದೆ, ಅಂದರೆ ಕೀಟೋನ್ ಇನ್ನೂ ಇದೆ. ಅದು ಹೋಗಲು ಇನ್ಸುಲಿನ್, ಅಷ್ಟರಲ್ಲಿ ಸಕ್ಕರೆ ಕುಸಿಯದಿರಲು ಗ್ಲೂಕೋಸ್.

"ಸಕ್ಕರಿ ಇಳದೈತಿ ಅಕ್ಕಾ, ರಕ್ತದಾಗಿನ ಹುಳಿ ಇನ್ನೂ ಹೋಗಿಲ್ಲ" ಅಂದೆ.

"ಹಂಗಾರ ಹುಳಿ ಹೋದ ಮ್ಯಾಲೆ ಫೋನ್ ಮಾಡು" ಅಂದಳು. ಮರುದಿನ ಮಧ್ಯಾಹ್ನ ಮಾಡಿದೆ.

ನಮ್ಮೂರಿನ ಎಷ್ಟೋ ಮಕ್ಕಳು ಹೀಗೆ ಪಿಜಿಗಳಲ್ಲಿದ್ದಾರೆ. ಟೈಪ್ 1 ಇದ್ದವರು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಜ್ವರ ಬಂದಾಗ ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರಬೇಕು. ಮೂತ್ರದ ಕೀಟೋನ್ ಪಟ್ಟಿ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ವಾಂತಿ ನಿಲ್ಲದಿದ್ದರೆ, ಉಸಿರು ಆಳವಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಇಷ್ಟನ್ನು ಪಕ್ಕದ ಮಂಚದ ಹುಡುಗನಿಗೂ ಹೇಳಿಟ್ಟಿರಿ.