ಅಂತರಗಂಗೆಗೆ ನಿಧಾನವಾಗಿ ಹತ್ತೋಣ

ಕೋಲಾರಕ್ಕೆ ಬಂದವರು ಅಂತರಗಂಗೆ ನೋಡದೆ ಹೋಗುವುದುಂಟೆ? ಕಲ್ಲುಬಸವನ ಬಾಯಿಂದ ನೀರು ಬೀಳುವ ಆ ಕಲ್ಯಾಣಿಗೆ ಮೆಟ್ಟಿಲು ಹತ್ತಬೇಕು, ನಿಜ. ದೇಹದ ಕಾವಲೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ನಿಮಗಿದ್ದರೆ "ನನ್ನಿಂದಾಗದಮ್ಮ" ಅಂತ ಕೂತುಬಿಡಬೇಡಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಫ್ಲೋರೈಡ್ ನೀರಿನಿಂದಲೂ ಕೀಲು ನೋಯುವುದುಂಟು. ಯಾವ ನೋವೆಂದು ಮೊದಲು ಡಾಕ್ಟರಿಂದ ತಿಳಿಯಿರಿ.

ಬೆಳಗಿನ ಬಿಗಿತ ಬಿಡಲಿ. ಬೆಚ್ಚಗಿನ ನೀರಲ್ಲಿ ಕೈ ಅದ್ದಿ, ಬೆರಳು ಮಡಿಸಿ ಬಿಡಿಸಿ, ಆಮೇಲೆ ಹೊರಡಿ. ಹತ್ತು ಮೆಟ್ಟಿಲು ಹತ್ತಿ, ಕೂತು, ಮತ್ತೆ ಹತ್ತಿ. ಸುಸ್ತಾಗುವ ಮೊದಲೇ ಕೂರುವುದು ಮುಖ್ಯ. ಚೀಲ ಬೆರಳಿಗೆ ಬೇಡ, ಹೆಗಲಿಗಿರಲಿ. ಬುತ್ತಿ ಮಾತ್ರ ಒಳಗೇ ಇರಲಿ, ಅಲ್ಲಿನ ಕೋತಿಗಳು ನಮ್ಮಷ್ಟು ನಿಧಾನವಲ್ಲ! ತೀರ್ಥ ಕುಡಿದೆನೆಂದು ಮಾತ್ರೆ ಬಿಡಬೇಡಿ. ಕೀಲು ಊದಿ ಬಿಸಿಯಾಗಿದ್ದ ದಿನ ಬೆಟ್ಟದ ಮಾತೇ ಬೇಡ. ಊರೊಳಗೇ ಕೋಲಾರಮ್ಮನ ಗುಡಿಯಿದೆ, ಸೋಮೇಶ್ವರನ ಗುಡಿಯಿದೆ.