ಸೊಂಟ, ಮಂಡಿ ಮತ್ತು ಒಂದು ಕಬ್ಬಿಣದ ಗುಂಡು

ನಮ್ಮ ಕಡೆ ಯಾವ ಮದುವೆಮನೆಗೆ ಬೇಕಾದ್ರೂ ಹೋಗಿ ನೋಡಿ. ಐವತ್ತು ದಾಟಿದ ನಾಲ್ಕು ಹೆಂಗಸರು ಒಂದು ಕಡೆ ಕೂತ್ರು ಅಂದ್ರೆ ಮೊದಲು ಮಂಡಿನೋವಿನ ಸುದ್ದಿ, ಆಮೇಲೆ ಸೊಂಟ, ಆಮೇಲೆ ಶುಗರ್ರು, ಬಿಪಿ. ಸೊಸೆಯ ಸುದ್ದಿ ಬರೋದು ಅದೆಲ್ಲ ಮುಗಿದ ಮೇಲೇ. ನೆಲದ ಮೇಲೆ ಪಂಕ್ತಿ ಹಾಕಿದ್ರೆ "ಟೇಬಲ್ ಊಟ ಎಲ್ಲಿ?" ಅಂತ ಹುಡುಕೋರೇ ಜಾಸ್ತಿ. ಕೂತರೆ ಏಳೋದು ಹ್ಯಾಗೆ ಅನ್ನೋ ಹೆದರಿಕೆ.

ನಾನೂ ಆ ಗುಂಪಿನವಳೇ. ವಯಸ್ಸು ಐವತ್ತಾರು. ಓದಿದ್ದು ಪಿಯುಸಿ. ತವರು ಎನ್.ಆರ್.ಪುರದ ಕಡೆ, ಸೇರಿದ್ದು ಕೊಪ್ಪ-ಶೃಂಗೇರಿ ದಾರಿಯಲ್ಲಿ ಒಳಗೆ ಹೋಗೋ ಒಂದು ಅಡಿಕೆ ತೋಟದ ಮನೆಗೆ. ಮಂಡಿ ಕಟಕಟ ಅನ್ನೋಕೆ ಶುರುವಾಗಿ ಏಳೆಂಟು ವರ್ಷ ಆಯ್ತು, ಶುಗರ್ ಬಂದು ಐದು ವರ್ಷ. ಈಗ ನಾನು ಹೇಳ ಹೊರಟಿರೋದು ಒಂದು ಕಬ್ಬಿಣದ ಗುಂಡಿನ ವಿಷಯ.

2020ರಲ್ಲಿ ಕೊರೊನಾ ಬಂದು ಮಗ ಬೆಂಗಳೂರಿಂದ ಲ್ಯಾಪ್‌ಟಾಪ್ ಹಿಡ್ಕಂಡು ಮನೆಗೆ ಬಂದನಲ್ಲ, ಆಗ ಕಾರಿನ ಡಿಕ್ಕಿಯಲ್ಲಿ ಎರಡು ಕೆಟಲ್‌ಬೆಲ್ ತಂದಿದ್ದ. ಒಂದು 8 ಕೆಜಿ, ಇನ್ನೊಂದು 12 ಕೆಜಿ. ನೋಡಲಿಕ್ಕೆ ಫಿರಂಗಿ ಗುಂಡಿಗೆ ಹಿಡಿ ಕೂರಿಸಿದ ಹಾಗೆ. ಅವನು ಜಗಲಿ ಮೇಲೆ ಅದನ್ನ ಬೀಸ್ತಾ ಇದ್ರೆ ಅತ್ತೆ "ಅಂಗಳದ ಹೆಂಚು ಒಡೀಬೇಡ್ವೋ" ಅಂತಿದ್ರು. ವಾಪಸ್ ಹೋಗೋವಾಗ ಬಿಟ್ಟು ಹೋದ. ಮಳೆಗಾಲದ ಗಾಳಿಗೆ ನಡುಮನೆ ಬಾಗಿಲು ಬಡಿಯದ ಹಾಗೆ ಒತ್ತಿಡೋಕೆ ಅದು ಬಹಳ ಅನುಕೂಲ ಆಯ್ತು. ಮಿಡಿ ಉಪ್ಪಿಗೆ ಹಾಕಿದಾಗ ಭರಣಿ ಮೇಲೆ ಭಾರ ಇಡೋಕೂ ಒಂದ್ಸಲ ನೋಡಿದ್ದೆ, ಉಪ್ಪುನೀರಿಗೆ ಕಬ್ಬಿಣ ಆಗಿಬರೋದಿಲ್ಲ ಅಂತ ಹಳೇ ಹೊಳೆಕಲ್ಲನ್ನೇ ಇಟ್ಟೆ.

ಈ ಗುಂಡು ಹುಟ್ಟಿದ್ದು ರಷ್ಯಾದಲ್ಲಂತೆ. ಅಲ್ಲಿ ಅದರ ಹೆಸರು ಗಿರ್ಯಾ. ಮೊದಲಿಗೆ ಅದು ಸಂತೆಯಲ್ಲಿ ದವಸ ತೂಗೋ ಬಟ್ಟು. ನಮ್ಮಲ್ಲಿ ಸೇರು, ಮಣ ಇದ್ದ ಹಾಗೆ ಅಲ್ಲಿ 'ಪೂಡ್' ಅಂತ ಒಂದು ಲೆಕ್ಕ, ಅಂದ್ರೆ 16 ಕೆಜಿ ಚಿಲ್ಲರೆ. ತೂಗೋ ಗಂಡಸರು ಬಿಡುವಾದಾಗ ಅದನ್ನೇ ಎತ್ತಿ ಶಕ್ತಿ ತೋರಿಸೋಕೆ ಹೋಗಿ ಅದೇ ಒಂದು ಆಟ ಆಯ್ತು. ಇದರಲ್ಲಿ ನಮಗೆ ಆಶ್ಚರ್ಯ ಎಂಥದೂ ಇಲ್ಲ. ಬಯಲುಸೀಮೆ ಕಡೆ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತೋ ಸ್ಪರ್ಧೆ ಈಗಲೂ ನಡೀತದೆ, ಮೈಸೂರಿನ ಗರಡಿಮನೆಗಳಲ್ಲಿ ಗದೆ ತಿರುಗಿಸ್ತಾರೆ. ಆದ್ರೆ ಅದೆಲ್ಲ ಗಂಡಸರದ್ದು. ನಮ್ಮ ಹೆಂಗಸರ ಗರಡಿಮನೆ ಅಂದ್ರೆ ಬಾವಿಕಟ್ಟೆ, ಒರಳು, ಒನಕೆ. ಬಹುಮಾನ ಯಾರೂ ಕೊಡ್ಲಿಲ್ಲ ಅಷ್ಟೇ.

ಆ ಗುಂಡು ಬಾಗಿಲ ಬುಡದಿಂದ ನನ್ನ ಕೈಗೆ ಬಂದಿದ್ದು ಅತ್ತೆಯಿಂದ. ಎರಡು ವರ್ಷದ ಹಿಂದೆ, ಪುಷ್ಯ ಮಳೆ ಹೊಡೀತಿದ್ದ ಒಂದು ಸಂಜೆ, ಅತ್ತೆ ಬಚ್ಚಲಲ್ಲಿ ಬಿದ್ರು. ವಯಸ್ಸು ಎಂಬತ್ತೆರಡು. ಸೊಂಟದ ಹತ್ರ ತೊಡೆಮೂಳೆ ಮುರಿದಿತ್ತು. ಆ ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ದೊಡ್ಡಾಸ್ಪತ್ರೆಗೆ ಕರ್ಕಂಡು ಹೋಗೋವಾಗ ಅವರು ದಾರಿಯುದ್ದಕ್ಕೂ ಒಂದೇ ಮಾತು ಹೇಳ್ತಿದ್ರು: "ನಾನಿನ್ನು ಎದ್ದು ಓಡಾಡಲ್ಲ ಕಣೆ." ಆಪರೇಷನ್ ಆಯ್ತು, ಹನ್ನೊಂದು ದಿನಕ್ಕೆ ಮನೆಗೆ ಬಂದ್ವಿ. ಅಲ್ಲಿಂದ ನನ್ನ ಪಾಳಿ. ಮಂಚದಿಂದ ಎಬ್ಬಿಸೋದು, ಕೂರಿಸೋದು, ಕಮೋಡಿಗೆ ದಾಟಿಸೋದು, ದಿನಕ್ಕೆ ಹತ್ತು ಹನ್ನೆರಡು ಸಲ. ಅತ್ತೆ ತೂಕ ನಲವತ್ತೆರಡೇ ಕೆಜಿ, ಆದ್ರೂ ನಾಲ್ಕನೇ ವಾರಕ್ಕೆ ನನ್ನ ಸೊಂಟ ಹಿಡ್ಕಂಡು ಬಿಡ್ತು. ಒಂದು ಬೆಳಿಗ್ಗೆ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಮಲಗಿದ್ವಿ, ಕಾಫಿ ಮಾಡಿಕೊಟ್ಟಿದ್ದು ನಮ್ಮ ಮನೆಯವ್ರು. ಅದೇ ವಾರ ಮಗ ಫೋನಿನಲ್ಲಿ, "ಅಮ್ಮ, ಇನ್ನು ಸಾಕು, ತೋಟ ಯಾರಿಗಾದ್ರೂ ಕೊಟ್ಟು ಮೂರೂ ಜನ ಇಲ್ಲಿಗೆ ಬನ್ನಿ" ಅಂದ. ಹಳದಿ ಎಲೆ ರೋಗ ಬಂದು ಅರ್ಧ ತೋಟ ಹೋಗಿದೆ, ಕೆಲಸಕ್ಕೆ ಜನ ಇಲ್ಲ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದ್ರೆ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ರು.

ಅತ್ತೆಗೆ ವ್ಯಾಯಾಮ ಮಾಡಿಸೋಕೆ ಕೊಪ್ಪದಿಂದ ಒಬ್ಬಳು ಫಿಜಿಯೋಥೆರಪಿ ಹುಡುಗಿ ವಾರಕ್ಕೆರಡು ಸಲ ಬರ್ತಿದ್ದಳು. ಅವಳು ನನ್ನನ್ನ ನೋಡಿ, "ಆಂಟಿ, ಅಜ್ಜಿಯ ಮೂಳೆ ಕೂಡ್ತದೆ, ತೊಡೆಯಲ್ಲಿ ಶಕ್ತಿ ಬಂದ್ರೆ ನಡೀತಾರೆ. ಆದ್ರೆ ಅಲ್ಲಿವರೆಗೆ ಎತ್ತೋರು ನೀವು. ನಿಮ್ಮ ತೊಡೆಯಲ್ಲಿ ಶಕ್ತಿ ಎಷ್ಟಿದೆ?" ಅಂದಳು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಿ ಅಂದಳು. ಮೂರನೇದಕ್ಕೆ ನಾನು ಮೇಜು ಹಿಡಿದೆ. ಅವಳು ಬಾಗಿಲ ಬುಡ ನೋಡಿ ನಕ್ಕಳು. "ಔಷಧಿ ಮನೇಲೇ ಇದೆಯಲ್ಲ!"

ಅವಳು ಹೇಳಿಕೊಟ್ಟ ವಿಷಯ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ, ಬಳಸದೆ ಬಿಟ್ರೆ, ಹತ್ತು ವರ್ಷಕ್ಕೆ ನೂರಕ್ಕೆ 3ರಿಂದ 8ರಷ್ಟು ಮಾಂಸಖಂಡ ಕರಗ್ತಾ ಹೋಗ್ತದಂತೆ. ಅರವತ್ತರ ಮೇಲೆ ಇನ್ನೂ ಬೇಗ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆಯೂ ಸವೀತದೆ. ಊಟದ ಸಕ್ಕರೆ ರಕ್ತದಿಂದ ಹೆಚ್ಚಾಗಿ ಹೋಗಿ ಸೇರೋದು ಮಾಂಸಖಂಡಕ್ಕೆ. ಉಗ್ರಾಣವೇ ಸಣ್ಣದಾದ್ರೆ ಅಕ್ಕಿಮೂಟೆ ಅಂಗಳದಲ್ಲೇ ಉಳೀತದಲ್ಲ, ಶುಗರ್ ಕಥೆಯೂ ಅರ್ಧ ಹಂಗೇ. ಮಂಡಿ ನೋವಿಗೂ ಹಾಗೇ, ತೊಡೆಯ ಮುಂಭಾಗ ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಹಗುರ.

"ಮನೆಕೆಲಸವೇ ವ್ಯಾಯಾಮ ಅಲ್ವಾ?" ಅಂತ ಕೇಳೋರು ಬಹಳ. ನಾನೂ ಕೇಳಿದೆ. ಈಗ ನೀರು ಎತ್ತೋದು ಮೋಟಾರು, ಕಡೆಯೋದು ಗ್ರೈಂಡರು, ಬಟ್ಟೆಗೆ ಮೆಷಿನ್ನು. ನಮಗೆ ಉಳಿದಿರೋದು ಬಗ್ಗೋದು, ನಿಲ್ಲೋದು, ಮೆಟ್ಟುಗತ್ತಿ ಮೇಲೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯೋದು. ಸುಸ್ತು ಆಗ್ತದೆ, ಶಕ್ತಿ ಬರೋದಿಲ್ಲ. ಹಾಗಂತ ಹಳೇ ಕಾಲದ ಕಷ್ಟವೇ ಚಂದ ಅಂತ ನಾನು ಹೇಳೋಳಲ್ಲ. ನಮ್ಮ ತೋಟಕ್ಕೆ ಬರ್ತಿದ್ದ ಹೆಂಗಸರು ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಹೊತ್ತು ಹೊತ್ತು ನಲವತ್ತೈದಕ್ಕೇ ಸೊಂಟ ಬಗ್ಗಿಸಿಕೊಂಡಿದ್ದನ್ನ ಕಂಡಿದ್ದೇನೆ. ಅವರಿಗೆ ಭಾರ ಎಷ್ಟು ಅಂತ ತಾವು ನಿರ್ಧರಿಸೋ ಹಾಗಿರಲಿಲ್ಲ, ಮಾರನೇ ದಿನ ವಿಶ್ರಾಂತಿ ಇರಲಿಲ್ಲ, ಹೊಟ್ಟೆ ತುಂಬ ಊಟವೂ ಇರಲಿಲ್ಲ. ವ್ಯಾಯಾಮಕ್ಕೆ ಈ ಮೂರೂ ಬೇಕು.

ವಾಕಿಂಗ್ ಒಳ್ಳೇದೇ. ಆದ್ರೆ ನಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿ ನಡೆಯೋದು ಮಾರಾಯ್ತಿ? ಕಾಲಿಟ್ಟಲ್ಲೆಲ್ಲ ಉಂಬಳ. ಬೇಸಿಗೆಯಲ್ಲಿ ಕಾಡಂಚಿಗೆ ಹೋದ್ರೆ ಉಣ್ಣೆ, ಮಂಗನ ಕಾಯಿಲೆಯ ಭಯ. ಸಂಜೆ ಆಯ್ತು ಅಂದ್ರೆ ರಸ್ತೆಗೆ ಕಾಟಿ ಬರ್ತದೆ. ಗುಂಡಿಗೆ ಒಂದು ಚಾಪೆಯಷ್ಟು ಜಾಗ ಸಾಕು. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಹೇಳಿದ್ದೂ ಹಾಗೇ: ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು ಬೇಕು, ಅದರ ಜೊತೆಗೆ ಕನಿಷ್ಠ 2 ದಿನ ಮಾಂಸಖಂಡಕ್ಕೆ ಬಲ ಬರೋ ವ್ಯಾಯಾಮವೂ ಬೇಕು. ನಾವು ಮೊದಲರ್ಧ ಕೇಳಿಸಿಕೊಂಡು ಎದ್ದು ಬಂದಿದ್ದೇವೆ.

ಸರಿ, ನಾನು ಮಾಡೋದು ಎಂಥದು ಅಂತ ಹೇಳ್ತೇನೆ. ಮೊದಲ ಎರಡು ವಾರ ಗುಂಡು ಮುಟ್ಟಲಿಲ್ಲ. ಬಟ್ಟೆ ಚೀಲದಲ್ಲಿ 4 ಕೆಜಿ ಅಕ್ಕಿ ತೂಗಿ ಹಾಕಿಕೊಂಡೆ.

ಒಂದನೇದು, ನೆಲದಿಂದ ಎತ್ತೋದು. ಕಾಲು ಸ್ವಲ್ಪ ಅಗಲಿಸಿ, ಗುಂಡು ಎರಡು ಪಾದದ ನಡುವೆ. ಬೆನ್ನು ಬಗ್ಗಿಸಬಾರದು, ಕುಂಡೆ ಹಿಂದಕ್ಕೆ ಹೋಗಬೇಕು. ನನಗೆ ಇದು ತಲೆಗೆ ಹೋಗಿದ್ದು ಕೊಟ್ಟಿಗೆ ನೆನೆಸಿಕೊಂಡಾಗ. ಎರಡೂ ಕೈಯಲ್ಲಿ ಹಾಲಿನ ತಂಬಿಗೆ, ಹಿಂಡಿ ಬಾಲ್ದಿ ಇರೋವಾಗ ಕೊಟ್ಟಿಗೆ ಬಾಗಿಲನ್ನ ಹಿಂದಿನಿಂದ ದೂಡ್ತೇವಲ್ಲ, ಅದೇ ಭಂಗಿ. ಎತ್ತೋವಾಗ ಪಾದದಿಂದ ನೆಲ ಒತ್ತಬೇಕು. 8 ಸಲ.

ಎರಡನೇದು, ಕೂತು ಏಳೋದು. ಗುಂಡನ್ನ ಕೂಸು ಎತ್ತಿಕೊಂಡ ಹಾಗೆ ಎದೆಗೆ ಆನಿಸಿಕೊಂಡು, ಹಿಂದೆ ಬೆಂಚು ಇಟ್ಕಂಡು, ನಿಧಾನ ಕೂತು ಏಳೋದು. ಮಂಡಿ ನೋವಿದ್ರೆ ಬೆಂಚು ಎತ್ತರದ್ದಿರಲಿ.

ಮೂರನೇದು, ಎಳೆಯೋದು. ಒಂದು ಕೈ ಬೆಂಚಿಗೆ ಊರಿ, ಇನ್ನೊಂದರಲ್ಲಿ ಗುಂಡನ್ನ ಪಕ್ಕೆಗೆ ಎಳ್ಕೊಳ್ಳೋದು, ಬಾವಿ ಹಗ್ಗ ಎಳೆದ ಹಾಗೆ. ನಾಲ್ಕನೇದು ನನಗೆ ಇಷ್ಟದ್ದು, ಕೊಡಪಾನದ ನಡಿಗೆ. ಒಂದೇ ಕೈಯಲ್ಲಿ ಗುಂಡು ಹಿಡಿದು ಮೈ ವಾಲದ ಹಾಗೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯೋದು, ಆಮೇಲೆ ಕೈ ಬದಲು.

ಇಷ್ಟನ್ನ ಮೂರು ಸುತ್ತು, ದಿನ ಬಿಟ್ಟು ದಿನ. ಇಪ್ಪತ್ತು ನಿಮಿಷ. ಅನ್ನ ಆಗೋ ಹೊತ್ತು. ಬೀಸೋದನ್ನ, ಅಂದ್ರೆ ಸ್ವಿಂಗನ್ನ, ಮೂರು ತಿಂಗಳು ಮುಟ್ಟಬೇಡಿ ಅಂದಿದ್ದಳು. ಅದು ಕೈಯಿಂದ ಎತ್ತೋದಲ್ಲ, ಸೊಂಟದಿಂದ ಚಿಮ್ಮಿಸೋದು. ಎತ್ತೋದು ಸರಿಯಾಗಿ ಬಾರದೆ ಬೀಸಿದ್ರೆ ಸೊಂಟಕ್ಕೇ ಪೆಟ್ಟು. ಡೆನ್ಮಾರ್ಕಿನಲ್ಲಿ 40 ಜನರನ್ನ ಇಟ್ಕಂಡು ಮಾಡಿದ ಒಂದು ಅಧ್ಯಯನ 2011ರಲ್ಲಿ ಬಂದಿದೆ. ಹೆಚ್ಚಿನವರು ಹೆಂಗಸರೇ. ಅದರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ, ದಿನಕ್ಕೆ 20 ನಿಮಿಷ, ಎಂಟು ವಾರ ಕೆಟಲ್‌ಬೆಲ್ ಮಾಡಿದ್ರು, ಅವರಿಗೆ ಕತ್ತು-ಭುಜದ ನೋವು, ಸೊಂಟನೋವು ಕಡಿಮೆ ಆಯ್ತಂತೆ. ಮಗನೇ ಓದಿ ಹೇಳಿದ್ದು.

ಎಚ್ಚರಿಕೆ ಮಾತೂ ಹೇಳಬೇಕು. ಉಸಿರು ಕಟ್ಟಬಾರದು, ಕಟ್ಟಿದ್ರೆ ಬಿಪಿ ಏರ್ತದೆ. ಎತ್ತೋವಾಗ ಉಸಿರು ಬಿಡಬೇಕು. ಕೆಮ್ಮಿದ್ರೆ, ಸೀನಿದ್ರೆ ಒಂದೆರಡು ತೊಟ್ಟು ಮೂತ್ರ ಹೋಗೋ ತೊಂದರೆ ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಇದೆ, ನಾಚಿಕೆಗೆ ಬಾಯಿ ಬಿಡೋದಿಲ್ಲ. ಅಂಥವರು ಮೂತ್ರ ತಡೆಯೋ ಹಾಗೆ ಕೆಳಗಿನ ಸ್ನಾಯು ಬಿಗಿಹಿಡಿಯೋದನ್ನ ಮೊದಲು ಕಲೀಬೇಕು. ಗರ್ಭಕೋಶ ಜಾರಿದ್ರೆ, ಹರ್ನಿಯಾ ಇದ್ರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ರೆ, ಎದೆನೋವು ಇದ್ರೆ, ಸೊಂಟದ ನೋವು ಕಾಲಿಗೆ ಇಳಿದು ಜೋಮು ಹಿಡೀತಿದ್ರೆ ಡಾಕ್ಟ್ರನ್ನ ಕೇಳದೆ ಭಾರ ಮುಟ್ಟಬೇಡಿ. ಶುಗರಿಗೆ ಇನ್ಸುಲಿನ್ ತಗೊಳ್ಳೋರು ಬರೀ ಹೊಟ್ಟೆಯಲ್ಲಿ ಮಾಡಬೇಡಿ. ಮೈಕೈ ನೋವು ಎರಡು ದಿನ ಇದ್ರೆ ಹೆದರಬೇಡಿ, ಅದು ಅಡಿಕೆ ಕೊಯ್ಲಿನ ಮೊದಲ ದಿನದ ನೋವಿನ ಹಾಗೆ. ಕೀಲಿನಲ್ಲಿ ಚಳಕ್ ಅಂದ್ರೆ ಮಾತ್ರ ನಿಲ್ಲಿಸಿ. ಎಣ್ಣೆ ತಿಕ್ಕಿ ಬಚ್ಚಲ ಹಂಡೆಯ ಬಿಸಿನೀರು ಹೊಯ್ಕೊಳ್ಳೋದು ಈಗಲೂ ಮಾಡ್ತೇನೆ, ಹಿತ ಆಗ್ತದೆ. ಆದ್ರೆ ಹಿತ ಬೇರೆ, ಬಲ ಬೇರೆ.

ಊಟವೂ ಬದಲಾಯಿಸಬೇಕಾಯ್ತು. ಒಂದು ಬಟ್ಟಲು ಅನ್ನಕ್ಕೆ ತಂಬುಳಿ, ಮೇಲೆ ಇಷ್ಟು ಅಪ್ಪೆಹುಳಿ, ಮುಗೀತು ಅನ್ನೋ ಊಟದಲ್ಲಿ ಮಾಂಸಖಂಡ ಬೆಳೆಸೋ ಸಾಮಾನು ಇಲ್ಲ. ಈಗ ಹುರುಳಿ, ಹೆಸರುಕಾಳು, ಅಲಸಂದೆ ದಿನಾ ಒಂದಾದ್ರೂ ಉಂಟು. ಮೊಸರು ಒಂದು ಸೌಟು ಹೆಚ್ಚು, ಅನ್ನ ಒಂದು ಸೌಟು ಕಡಿಮೆ.

ನಮ್ಮ ಮನೆಯವ್ರು ಮೊದಮೊದಲು "ದಸರಾ ಕುಸ್ತಿಗೆ ಹೆಸರು ಕೊಡ್ಲಾ?" ಅಂತಿದ್ರು. ಪಕ್ಕದ ಮನೆ ಅತ್ತಿಗೆ, "ಈ ವಯಸ್ಸಲ್ಲಿ ಇದೆಲ್ಲ ಎಂಥಕ್ಕೆ ಮಾರಾಯ್ತಿ, ಭಾರ ಎತ್ತಿದ್ರೆ ಗರ್ಭಕೋಶ ಜಾರ್ತದೆ" ಅಂದ್ರು. ಆರು ತಿಂಗಳಿಗೆ 8 ಕೆಜಿ ಸಲೀಸಾಯ್ತು, ವರ್ಷಕ್ಕೆ 12 ಕೆಜಿ. ಮೂರು ತಿಂಗಳ ಶುಗರ್ ಸರಾಸರಿ 7.6 ಇದ್ದಿದ್ದು 6.9ಕ್ಕೆ ಬಂತು. ಮಾತ್ರೆ ನಿಂತಿಲ್ಲ, ಡಾಕ್ಟ್ರು ನಿಲ್ಲಿಸಿ ಅಂದೂ ಇಲ್ಲ. ಮಂಡಿ ಈಗಲೂ ಕಟಕಟ ಅಂತದೆ, ಆದ್ರೆ ಮೆಟ್ಟಿಲು ಇಳಿಯೋವಾಗ ಗೋಡೆ ಹುಡುಕೋದಿಲ್ಲ. ಅತ್ತಿಗೆ ಈಗ ಅಕ್ಕಿಚೀಲದಲ್ಲಿ ಶುರು ಮಾಡಿದ್ದಾರೆ, ಯಾರಿಗೂ ಹೇಳಬೇಡ ಅಂದಿದ್ದಾರೆ.

ಇನ್ನು ಅತ್ತೆ. ವಾಕರ್ ಹಿಡ್ಕಂಡು ದೇವರ ಕೋಣೆಗೆ ತಾವೇ ಹೋಗ್ತಾರೆ. ನಾನು ಗುಂಡು ಎತ್ತೋವಾಗ ಅವರು ಎದುರಿಗೆ ಕೂತು ಲೆಕ್ಕ ಮಾಡೋರು. ಒಂದಿನ "ನಂಗೂ ಎಂಥಾರೂ ಕೊಡೆ" ಅಂದ್ರು. ತಾಮ್ರದ ಚೊಂಬಿಗೆ ಅರ್ಧ ನೀರು ಹಾಕಿ ಕೊಟ್ಟೆ. ಅದನ್ನ ಎತ್ತಿ ಇಳಿಸಿ ಮಾಡ್ತಾರೆ, ಕುರ್ಚಿಯ ಕೈ ಹಿಡಿದು ಎಂಟು ಸಲ ಎದ್ದು ಕೂರ್ತಾರೆ. ನೀರು ಚೆಲ್ಲಿದ್ರೆ ಆ ಸಲದ್ದು ಲೆಕ್ಕಕ್ಕಿಲ್ಲ ಅನ್ನೋದು ಅವರದ್ದೇ ಕಾನೂನು. ಅಪ್ಪಿತಪ್ಪಿ ಇನ್ನೊಂದು ಸಲ ಬಿದ್ರೆ ಎಬ್ಬಿಸೋಕೆ ನಂಗೆ ಈಗ ಧೈರ್ಯ ಇದೆ, ಬೀಳದ ಹಾಗೆ ಬಚ್ಚಲಿಗೆ ಹಿಡಿಕೆಯೂ ಹಾಕಿಸಿದೆ.

ಮಗ ಬನ್ನಿ ಅನ್ನೋದನ್ನ ಬಿಟ್ಟಿಲ್ಲ. ಒಂದಲ್ಲ ಒಂದು ದಿನ ಹೋಗಬೇಕಾಗಬಹುದು. ಈ ತೋಟ, ಈ ಮಳೆ, ಇಷ್ಟು ದೂರದ ಆಸ್ಪತ್ರೆ, ಎಲ್ಲ ನಮ್ಮ ಕೈಯಲ್ಲಿಲ್ಲ. ಆದ್ರೆ ಸೊಂಟ ಹಿಡೀತು ಅನ್ನೋ ಕಾರಣಕ್ಕೆ ಮನೆ ಬಿಡೋದು ಬೇಡ ಅಂತ ನಾನೂ ಅತ್ತೆಯೂ ಮಾತಾಡ್ಕಂಡಿದ್ದೇವೆ. ನೀವೂ ಇವತ್ತು ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ನೋಡಿ. ಆದ್ರೆ ಸಂತೋಷ. ಆಗದಿದ್ರೆ ಮನೆಯಲ್ಲಿ ಅಕ್ಕಿ ಇದ್ದೇ ಇದೆಯಲ್ಲ, ಎರಡು ಕೆಜಿ ಚೀಲಕ್ಕೆ ಹಾಕಿ.