ಬೆಂಗಳೂರಿನ ಹಳೇ ಕಾರು, ಮೊಳಕಾಲ್ಮೂರಿನ ದಾರಿ

ನಮ್ಮ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಹತ್ತು ನಿಮಿಷ ನಿಂತು ಓಡಾಡೋ ಕಾರುಗಳ ನಂಬರ್ ಪ್ಲೇಟ್ ಓದಿ ನೋಡಿ. ಕೆಎ-16 ಅಂದರೆ ನಮ್ಮದೇ ಚಿತ್ರದುರ್ಗ ಜಿಲ್ಲೆ. ಕೆಎ-34 ಬಳ್ಳಾರಿ. ಎಪಿ ಅಂತಿದ್ದರೆ ಗಡಿಯಾಚೆಯ ರಾಯದುರ್ಗದ ಕಡೆಯದು. ಇವುಗಳ ನಡುವೆ ಕೆಎ-01ರಿಂದ 05ರವರೆಗಿನ ಗಾಡಿಗಳೂ ಕಡಿಮೆ ಇಲ್ಲ. ಅವೆಲ್ಲ ಬೆಂಗಳೂರಿನವು. ಅಲ್ಲಿ ಹತ್ತು ವರ್ಷ ದುಡಿದು, ಮಾಲೀಕರು ಹೊಸದು ತಗೊಂಡ ಮೇಲೆ ನಮ್ಮಂಥ ಊರುಗಳಿಗೆ ಬಂದು ಎರಡನೇ ಸಂಸಾರ ಶುರು ಮಾಡಿದವು. ಈ ವರ್ಷ ಅವುಗಳ ಜೊತೆ ನಮ್ಮದೂ ಒಂದು ಸೇರಿಕೊಂಡಿತು.

ನಮ್ಮದು ಮಗ್ಗದ ಮನೆ. ಯಜಮಾನರು ರೇಷ್ಮೆ ಸೀರೆ ನೇಯ್ತಾರೆ. 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಹೆಸರು ದೊಡ್ಡದಾಯಿತು, ಆದರೆ ಮಗ್ಗದ ಮನೆಯ ಆದಾಯದಲ್ಲಿ ಕಾರು ಅನ್ನೋದು ಈಗಲೂ ದೂರದ ಮಾತೇ. ಹಾಗಿದ್ದೂ ಯಾಕೆ ತಗೊಂಡ್ರಿ ಅಂದರೆ, ಕಾರಣ ನಮ್ಮ ಮಾವನವರ ಎದೆನೋವು. ಹೋದ ವರ್ಷ ಒಂದು ರಾತ್ರಿ ಒಂದು ಗಂಟೆಗೆ ನೋವು ಶುರುವಾಯಿತು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಗೊತ್ತಿದ್ದವರ ಮನೆ ಬಾಗಿಲೆಲ್ಲ ತಟ್ಟಿ ಒಂದು ಗಾಡಿ ಹೊಂದಿಸೋದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅವರು ಉಳಿದರು, ದೇವರು ದೊಡ್ಡವನು. ಆಮೇಲೆ ತಿಂಗಳಿಗೊಮ್ಮೆ ಬಳ್ಳಾರಿಗೆ ತೋರಿಸೋದಕ್ಕೆ ಕರಕೊಂಡು ಹೋಗಬೇಕು. ಪ್ರತಿ ಸಲ ಬಾಡಿಗೆ ಕಾರು, ಪ್ರತಿ ಸಲ ಡ್ರೈವರ್‌ಗೆ ಪುರುಸೊತ್ತು ಐತೋ ಇಲ್ಲವೋ ಅನ್ನೋ ಚಿಂತೆ. ಚೀಟಿ ಎತ್ತಿದ ದುಡ್ಡು ಮತ್ತು ಒಂದು ಮದುವೆ ಸೀಸನ್ನಿನ ಸೀರೆ ದುಡ್ಡು ಸೇರಿಸಿ ಎರಡೂವರೆ ಲಕ್ಷದ ಸುತ್ತಮುತ್ತ ಒಂದು ಹಳೇ ಕಾರು ನೋಡೋಣ ಅಂತ ತೀರ್ಮಾನವಾಯಿತು. ಮನೆಯಲ್ಲಿ ಲೈಸೆನ್ಸ್ ಇರೋದು ನನಗೊಬ್ಬಳಿಗೇ, ಆದ್ದರಿಂದ ನೋಡೋದೂ ಓಡಿಸೋದೂ ನನ್ನ ಪಾಲಿಗೇ ಬಂತು.

ಎಲ್ಲಿಂದ ತರೋದು?

ಮೊದಲು ಬಂದ ಸಲಹೆ ದೆಹಲಿ ಗಾಡಿ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನ್ಯಾಯಾಲಯದ ನಿರ್ಬಂಧ ಬಂದಾಗಿನಿಂದ ಹಳೇ ಕಾರು ಅಗ್ಗಕ್ಕೆ ಸಿಗ್ತವೆ. ಎರಡನೇ ಸಲಹೆ ಪಕ್ಕದ ಆಂಧ್ರದ ಗಾಡಿ. ಎರಡಕ್ಕೂ ಒಂದೇ ತೊಡಕು. ಬೇರೆ ರಾಜ್ಯದ ಕಾರನ್ನು ಇಲ್ಲೇ ಇಟ್ಟುಕೊಳ್ಳೋದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ತರಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು, ಇಲ್ಲಿನ ನಂಬರ್ ಪಡೀಬೇಕು. ಅಗ್ಗಕ್ಕೆ ಸಿಕ್ಕಿದ್ದು ಅಲ್ಲೇ ಕರಗಿಹೋಗುತ್ತೆ. ಬೆಂಗಳೂರಿನದಾದರೆ ರಾಜ್ಯದೊಳಗಿನದು. ತೆರಿಗೆ ಮತ್ತೆ ಕಟ್ಟೋ ಹಾಗಿಲ್ಲ, ನಂಬರೂ ಬದಲಾಗಲ್ಲ. ಬೆಂಗಳೂರಿನಲ್ಲಿ ಈಗ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅಷ್ಟರಲ್ಲಿ ನಮಗೊಂದು ಸಿಗಲ್ವಾ ಅಂತ ರಾತ್ರಿ ಬಸ್ಸು ಹತ್ತಿದೆವು. ನಾನು, ಯಜಮಾನರು, ಜೊತೆಗೆ ಚಳ್ಳಕೆರೆಯಲ್ಲಿ ಗ್ಯಾರೇಜ್ ಇಟ್ಟಿರೋ ನಮ್ಮ ಪರಿಚಯದ ಮೆಕ್ಯಾನಿಕ್ ಭಾಯ್. ಅವರಿಗೆ ಒಂದು ದಿನದ ಕೂಲಿ, ಊಟ, ಬಸ್ ಚಾರ್ಜು ಕೊಟ್ಟೆವು. ಇಡೀ ವ್ಯವಹಾರದಲ್ಲಿ ನಮಗೆ ಅತಿ ಹೆಚ್ಚು ಉಳಿಸಿಕೊಟ್ಟ ಖರ್ಚು ಅದೇ.

ಸೀಟ್ ಬೆಲ್ಟ್ ಹೇಳಿದ ಕಥೆ

ಮೊದಲು ನೋಡಿದ್ದು ಹಳೇ ಕಾರು ಮಾರೋ ಒಂದು ಅಂಗಡಿಯಲ್ಲಿ. ಬೆಳ್ಳಿ ಬಣ್ಣದ ಕಾರು, ಕನ್ನಡಿ ಹಾಗೆ ಹೊಳೀತಿತ್ತು. ಒಳಗೆ ಸುಗಂಧದ ಡಬ್ಬಿ. ದರ ನಮ್ಮ ಕೈಗೆಟುಕೋ ಹಾಗೇ ಇತ್ತು. ನಾನು ಸ್ಟೀರಿಂಗ್ ಹಿಡಿದು ಕೂತೂ ಆಗಿತ್ತು. ಯಜಮಾನರಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ನೇಯ್ದ ಬಟ್ಟೆ ಕೈಗೆ ಸಿಕ್ಕರೆ ಬಿಡೋರಲ್ಲ. ಸುಮ್ಮನೆ ಸೀಟ್ ಬೆಲ್ಟನ್ನ ಕೊನೇವರೆಗೂ ಎಳೆದು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ನೀರು ಕುಡಿದೈತೆ. ಇಲ್ಲಿತನಕ ಒಂದು ಬಣ್ಣ, ಮುಂದಕ್ಕೆ ಒಂದು ಬಣ್ಣ" ಅಂದರು.

ಭಾಯ್ ತಕ್ಷಣ ಸೀಟಿನ ಕೆಳಗೆ ಟಾರ್ಚ್ ಹಾಕಿದರು. ಸೀಟು ಜಾರೋ ಕಂಬಿಗೆ ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡೋ ಗುಂಡಿಯ ಮೂಲೆಯಲ್ಲಿ ಒಣಗಿದ ಕೆಸರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಬಡಾವಣೆಗಳಿಗೆ ನೀರು ನುಗ್ಗಿ ಕಾರುಗಳು ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೆವಲ್ಲ. ಆಗ ಮುಳುಗಿದ ಗಾಡಿಗಳಿಗೂ ಎಲ್ಲೋ ಒಂದು ಕಡೆ ಗಿರಾಕಿ ಬೇಕಲ್ಲ. ಇದು ಯಾವ ಮಳೆಯಲ್ಲಿ ನೆನೆದದ್ದೋ, ಅಂಗಡಿಯವರು ಬಾಯಿ ಬಿಡಲಿಲ್ಲ. ನೀರು ಹೊಕ್ಕ ಕಾರಿನ ವೈರಿಂಗ್ ಯಾವಾಗ ಕೈಕೊಡುತ್ತೆ ಅಂತ ಹೇಳೋಕಾಗಲ್ಲ. ನಡುರಾತ್ರಿ ಬಳ್ಳಾರಿ ದಾರಿಯಲ್ಲಿ ಕೈಕೊಟ್ಟರೆ? ನಾವು ಕಾರು ತಗೋತಿರೋದೇ ಆ ರಾತ್ರಿಗೋಸ್ಕರ. ನಮಸ್ಕಾರ ಹೇಳಿ ಹೊರಗೆ ಬಂದೆವು.

ಕಿಲೋಮೀಟರ್ ಅಲ್ಲ, ಗಂಟೆ

ಮೂರನೆಯದು ಬನಶಂಕರಿ ಕಡೆಯ ಒಬ್ಬ ನಿವೃತ್ತ ದಂಪತಿಯದು. 2015ರ ವ್ಯಾಗನ್‌ಆರ್, ಪೆಟ್ರೋಲ್, ಕೆಎ-05, ಒಬ್ಬರೇ ಮಾಲೀಕರು. ಮೀಟರ್‌ನಲ್ಲಿ 46,000. "ಹತ್ತು ವರ್ಷಕ್ಕೆ ಇಷ್ಟೇನಾ! ಹೊಸ ಗಾಡಿ ಇದ್ದಂಗೇ" ಅಂತ ನಾನು ಖುಷಿಪಟ್ಟೆ. ಭಾಯ್ ನಕ್ಕರು. "ಅಕ್ಕಾ, ಮೀಟರ್ ನೋಡಬ್ಯಾಡಿ, ಪೆಡಲ್ ನೋಡಿ" ಅಂದರು. ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿತ್ತು.

ಮೀಟರ್ ತಿರುಚಿರಲಿಲ್ಲ. ಸರ್ವಿಸ್ ಪುಸ್ತಕದಲ್ಲಿ ವರ್ಷವಾರು ಲೆಕ್ಕ ಸರಿಯಾಗೇ ಇತ್ತು. ಹಾಗಾದರೆ ಪೆಡಲ್ ಯಾಕೆ ಹೀಗೆ? 2024ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗೋದಕ್ಕೆ ಸರಾಸರಿ 34 ನಿಮಿಷ ಬೇಕು. ಆ ಲೆಕ್ಕದಲ್ಲಿ 46,000 ಕಿ.ಮೀ. ಓಡಿದ ಎಂಜಿನ್ ಸುಮಾರು 2,600 ಗಂಟೆ ಉರಿದಿರುತ್ತೆ. ಅದೇ ನಮ್ಮ ಚಳ್ಳಕೆರೆ–ಬಳ್ಳಾರಿ ರಸ್ತೆಯಲ್ಲಿ ಗಂಟೆಗೆ 50ರಂತೆ ಹೋದರೂ 920 ಗಂಟೆ ಸಾಕು. ಅಂದರೆ ನಗರದ ಒಂದು ಕಿಲೋಮೀಟರ್ ನಮ್ಮ ಕಡೆಯ ಹೆಚ್ಚುಕಡಿಮೆ ಮೂರು ಕಿಲೋಮೀಟರಿಗೆ ಸಮ. ಸಿಗ್ನಲ್‌ನಲ್ಲಿ ನಿಂತಾಗ ಚಕ್ರ ತಿರುಗಲ್ಲ, ಮೀಟರೂ ತಿರುಗಲ್ಲ. ಆದರೆ ಎಂಜಿನ್, ಎಸಿ, ರೇಡಿಯೇಟರ್ ಫ್ಯಾನ್ ಎಲ್ಲ ದುಡೀತಾನೇ ಇರ್ತವೆ. ಅರ್ಧ ಕ್ಲಚ್‌ನಲ್ಲಿ ತೆವಳಿ ತೆವಳಿ ಕ್ಲಚ್ ಪ್ಲೇಟ್ ಸವೆಯುತ್ತೆ. ಬೆಂಗಳೂರಿನ ಕಾರು ಕೊಳ್ಳೋರು ಮೊದಲು ತಿಳ್ಕೋಬೇಕಾದ್ದು ಇದೇ. ಕಡಿಮೆ ಓಡಿದೆ ಅಂದರೆ ಕಡಿಮೆ ದುಡಿದಿದೆ ಅಂತಲ್ಲ.

ಭಾಯ್ ಮಾಡಿದ ಪರೀಕ್ಷೆಗಳನ್ನು ಬರೆದುಕೊಂಡಿದ್ದೇನೆ, ಓದುಗರಿಗೂ ಉಪಯೋಗಕ್ಕೆ ಬರಲಿ. ಸ್ಟಾರ್ಟ್ ಮಾಡೋ ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ಬಿಸಿಯಿದ್ದರೆ ನಾವು ಬರೋ ಮುಂಚೆಯೇ ಎಂಜಿನ್ ಓಡಿಸಿ ಹದ ಮಾಡಿದ್ದಾರೆ ಅಂತ ಅರ್ಥ. ಎಸಿ ಹಾಕಿ ನಿಂತಲ್ಲೇ ಇಪ್ಪತ್ತು ನಿಮಿಷ ಬಿಡಬೇಕು, ಬಿಸಿಯ ಗುರುತು ಹೊತ್ತಿಕೊಳ್ಳಬಾರದು. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಟ್ಟರೆ ಎಂಜಿನ್ ಆಫ್ ಆಗಬೇಕು. ಆಗದೆ ಉರೀತಾ ಇದ್ದರೆ ಕ್ಲಚ್ ಮುಗಿದಿದೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದಾಗ ಚಕ್ರದ ಹತ್ತಿರ ಟಕ ಟಕ ಅನ್ನಬಾರದು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ. 3219 ಅಂತಿದ್ದರೆ 2019ರ 32ನೇ ವಾರ ತಯಾರಾದದ್ದು.

ನಮ್ಮ ಕಾರಿನ ಎಂಜಿನ್, ಎಸಿ ಪಾಸಾದವು. ಕ್ಲಚ್ ಮತ್ತು ಎರಡು ಟೈರು ಫೇಲು. ಆ ಹಿರಿಯರು ಒಳ್ಳೆಯವರು, ಮರೆಮಾಚಲಿಲ್ಲ. 2.90 ಲಕ್ಷ ಕೇಳಿದ್ದವರು ಅದನ್ನೆಲ್ಲ ಲೆಕ್ಕ ಹಾಕಿ 2.65ಕ್ಕೆ ಒಪ್ಪಿದರು. ಆ ಅಮ್ಮನವರು ಕಾರಿಗೆ ಅರಿಶಿನ ಕುಂಕುಮ ಹಚ್ಚಿ, "ಇದನ್ನ ಯಾವತ್ತೂ ಬಿಸಿಲಲ್ಲಿ ನಿಲ್ಲಿಸಿಲ್ಲಮ್ಮಾ" ಅಂದರು. ನಮ್ಮೂರಿನ ಬಿಸಿಲು ನೆನೆದು ನಾನು ಸುಮ್ಮನಾದೆ.

ಗೊರಗುಂಟೆಪಾಳ್ಯದ ಪರೀಕ್ಷೆ

ಮರುದಿನ ಬೆಳಗ್ಗೆ ಆರಕ್ಕೇ ಹೊರಡಬೇಕಿತ್ತು. ಬೆಂಗಳೂರಿನಲ್ಲಿರೋ ತಮ್ಮನ ಮನೆಯಲ್ಲಿ ಉಪ್ಪಿಟ್ಟು ಮುಗಿಸೋ ಹೊತ್ತಿಗೆ ಎಂಟೂವರೆ. ಬನಶಂಕರಿಯಿಂದ ನಾಯಂಡಹಳ್ಳಿ, ನಾಗರಬಾವಿ, ಸುಮನಹಳ್ಳಿ ದಾಟಿ ಗೊರಗುಂಟೆಪಾಳ್ಯ. ಪಕ್ಕದಲ್ಲಿ ತಮ್ಮ, ಹಿಂದೆ ಯಜಮಾನರು ಮತ್ತು ಭಾಯ್.

ನಮ್ಮ ರಸ್ತೆಗಳಲ್ಲಿ ಎರಡು ಕಿಲೋಮೀಟರ್ ದೂರದ ಲಾರಿ ಕಾಣುತ್ತೆ. ದನ, ಕುರಿಮಂದೆ, ರಸ್ತೆ ಮೇಲೆ ಹರವಿದ ರಾಗಿ ಹುಲ್ಲು ಎಲ್ಲ ಮುಂಚೆಯೇ ಕಂಡು ನಿಧಾನ ಮಾಡೋ ಅಭ್ಯಾಸ. ಬೆಂಗಳೂರಿನಲ್ಲಿ ಕಣ್ಣು ಒಂದು ಮಾರಿನಾಚೆ ಹೋಗೋ ಹಾಗಿಲ್ಲ. ಎಡಕ್ಕೆ ಒಂದು ಸ್ಕೂಟರ್, ಬಲಕ್ಕೆ ಎರಡು ಬೈಕು, ಮುಂದೆ ಆಟೋ. ಆಟೋದವರು ಕೈ ಹೊರಗೆ ಹಾಕಿದರೆ ಅದು ತಿರುಗ್ತೀನಿ ಅಂತಲೋ ಬೆವರು ಒರೆಸ್ಕೋತಿದ್ದೀನಿ ಅಂತಲೋ ತಿಳಿಯಲ್ಲ. ಮುಂದಿನ ಗಾಡಿಗೆ ಸ್ವಲ್ಪ ಜಾಗ ಬಿಟ್ಟರೆ ಅಲ್ಲಿ ಇನ್ನೊಂದು ಬಂದು ಕೂರುತ್ತೆ. ಹಾರ್ನ್ ಹೊಡೆಯೋಕೆ ಕೈ ಹೋದಾಗಲೆಲ್ಲ ತಮ್ಮ, "ಬೇಡ ಅಕ್ಕಾ, ಯಾರೂ ಕೇಳಲ್ಲ. ಕನ್ನಡಿ ನೋಡು, ಇಂಡಿಕೇಟರ್ ಹಾಕು, ನಿಧಾನಕ್ಕೆ ಮೂಗು ತೂರಿಸು" ಅಂತಿದ್ದ. ಅವನು ಹೇಳಿದ ಇನ್ನೊಂದು ಮಾತು ಬಹಳ ಉಪಯೋಗಕ್ಕೆ ಬಂತು. ತಿರುವು ತಪ್ಪಿಹೋದರೆ ಗಾಬರಿಯಾಗಿ ಅಡ್ಡ ನುಗ್ಗಬೇಡ, ಮುಂದೆ ಹೋಗಿ ಸುತ್ತು ಹಾಕ್ಕೊಂಡು ಬಾ, ಹತ್ತು ನಿಮಿಷ ತಾನೇ.

ಗೊರಗುಂಟೆಪಾಳ್ಯದಲ್ಲಿ ಮೇಲ್ಸೇತುವೆ ಹತ್ತೋದೋ ಕೆಳಗಿನ ರಸ್ತೆಯೋ ಅನ್ನೋದನ್ನ ಮುಂಚೆಯೇ ತೀರ್ಮಾನಿಸಿ ಸಾಲು ಹಿಡೀಬೇಕು. ಮೊಬೈಲಿನ ಮ್ಯಾಪು ಹೇಳೋ ಹೊತ್ತಿಗೆ ತಡವಾಗಿರುತ್ತೆ. ತಮ್ಮ ಅಲ್ಲೇ ಸ್ವಲ್ಪ ಹಿಂದೆ ಇಳ್ಕೊಂಡ. ನಾನು ಮೇಲ್ಸೇತುವೆ ಹತ್ತಿ, ಪೀಣ್ಯದ ಕಾರ್ಖಾನೆಗಳು ಹಿಂದೆ ಸರಿದು, ನೆಲಮಂಗಲ ದಾಟಿದ ಮೇಲೇ ಐದನೇ ಗೇರು ಹಾಕಿದ್ದು. ಕ್ಲಚ್ ಒತ್ತಿ ಒತ್ತಿ ಎಡಗಾಲು ಮರಗಟ್ಟಿತ್ತು. ಒಂದೇ ದಿನಕ್ಕೆ ನನ್ನ ಕಾಲು ಹೀಗಾದರೆ, ಹತ್ತು ವರ್ಷಕ್ಕೆ ಆ ಕಾರಿನ ಕ್ಲಚ್ ಸವೆದಿದ್ದರಲ್ಲಿ ಏನು ಆಶ್ಚರ್ಯ!

ಬಯಲಿಗೆ ಬಂದ ಮೇಲೆ

ತುಮಕೂರು, ಶಿರಾ ಕಳೆದು ಹಿರಿಯೂರಿನಲ್ಲಿ ಊಟ. ವಾಣಿವಿಲಾಸ ಸಾಗರದ ಊರು. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬೆಂಗಳೂರಿನ ಕಾರುಗಳನ್ನು ಮುಳುಗಿಸಿದ ವರ್ಷವೇ ನಮ್ಮ ಸೀಮೆಗೆ 89 ವರ್ಷದ ಮೇಲೆ ಅಂಥ ನೀರು ಕಂಡಿತು. ಅಲ್ಲಿ ಶಾಪವಾದದ್ದು ಇಲ್ಲಿ ಹಬ್ಬ.

ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಬಿಟ್ಟು 150ಎ ಹಿಡಿದರೆ ನಮ್ಮ ಬಯಲು. ಚಳ್ಳಕೆರೆಗೆ ಬಂದಾಗ ಶೇಂಗಾ ಎಣ್ಣೆಯ ವಾಸನೆ, ಎಣ್ಣೆ ಮಿಲ್ಲುಗಳ ಊರು. ಭಾಯ್ ಅಲ್ಲೇ ಗ್ಯಾರೇಜಿನಲ್ಲಿ ಹೊಸ ಕ್ಲಚ್ ಹಾಕಿದರು, ಎಂಟು ಸಾವಿರ ಆಯಿತು. ಸಂಜೆ ಅಲ್ಲಿಂದ ಹೊರಟರೆ ಎಡಗಡೆ ದೂರಕ್ಕೆ ನಾಯಕನಹಟ್ಟಿ, ಕುದಾಪುರದ ಸೀಮೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರಾಕೆಟ್ ವಿಮಾನ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ತಾನೇ ತಾನಾಗಿ ಇಳಿದದ್ದು ಆ ಬಯಲಿನ ರನ್‌ವೇ ಮೇಲೆ. "ಅದಕ್ಕೆ ಡ್ರೈವರೇ ಇರಲಿಲ್ಲವಂತೆ. ಗೊರಗುಂಟೆಪಾಳ್ಯದಲ್ಲಿ ಇಳಿಸಲಿ ನೋಡೋಣ" ಅಂದರು ಯಜಮಾನರು. ತಳಕು, ಬಿ.ಜಿ.ಕೆರೆ ದಾಟಿ ಹಾನಗಲ್ ಕ್ರಾಸ್‌ನಲ್ಲಿ ಬಲಕ್ಕೆ ತಿರುಗಿದರೆ ಬಂಡೆಗುಡ್ಡಗಳ ನಡುವೆ ನಮ್ಮೂರು. ಒಟ್ಟು ಸುಮಾರು 250 ಕಿ.ಮೀ. ಕಾರು ಒಂದು ಸಲವೂ ತಕರಾರು ಮಾಡಲಿಲ್ಲ.

ಕಾಗದ ಮುಗಿಯೋ ತನಕ ಕಾರು ನಮ್ಮದಲ್ಲ

ಗಾಡಿ ಮನೆ ಮುಂದೆ ನಿಂತ ಮಾತ್ರಕ್ಕೆ ಕೆಲಸ ಮುಗೀಲಿಲ್ಲ. ಮಾರಿದವರ ಮತ್ತು ಕೊಂಡವರ ಸಹಿಯಿರೋ ಫಾರಂ 29 ಮತ್ತು 30 ಹೆಸರು ಬದಲಾವಣೆಗೆ ಬೇಕು. ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಹಳೇ ಸಾಲ ಇದ್ದರೆ ಬ್ಯಾಂಕಿನ ಪತ್ರದ ಜೊತೆ ಫಾರಂ 35. ವಿಮೆಯನ್ನೂ 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸ್ಕೋಬೇಕು. ಹಿಂದಿನವರು ಅಪಘಾತ ಮಾಡದೆ ಗಳಿಸಿದ ರಿಯಾಯಿತಿ ಅವರ ಜೊತೆಗೇ ಹೋಗುತ್ತೆ, ನಮಗೆ ಬರಲ್ಲ. ಫಾಸ್ಟ್ಯಾಗ್ ಹೊಸದಾಗಿ ನಮ್ಮ ಹೆಸರಲ್ಲಿ ಬೇಕು. ಎಲ್ಲಕ್ಕಿಂತ ಮೊದಲು, ದುಡ್ಡು ಕೊಡೋ ಮುಂಚೆಯೇ, ಗಾಡಿ ನಂಬರ್ ಹಾಕಿ ಬಾಕಿ ದಂಡ ನೋಡಿಕೊಳ್ಳಿ. ಬೆಂಗಳೂರಿನ ಸಿಗ್ನಲ್ ಕ್ಯಾಮೆರಾಗಳು ಯಾರನ್ನೂ ಬಿಡಲ್ಲ. ನಮ್ಮ ಕಾರಿನ ಮೇಲೂ ಮೂರು ದಂಡ ಇದ್ದವು, ಆ ಹಿರಿಯರೇ ನಮ್ಮೆದುರು ಕಟ್ಟಿದರು.

ಕಾರು ಬಂದು ಈಗ ಐದು ತಿಂಗಳು. ಬಳ್ಳಾರಿಗೆ ಆರು ಸಲ ಹೋಗಿ ಬಂದಿದೆ. ಮಾವನವರು ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ತಾವೇ ಹಾಕ್ಕೊಳ್ತಾರೆ. ಎರಡು ಸಲ ನಮ್ಮ ಓಣಿಯ ಬಸುರಿಯರನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ಮುಟ್ಟಿಸಿದ್ದೂ ಆಯಿತು. ರಾತ್ರಿ ಮಲಗುವಾಗ ಬೀಗದಕೈ ಬಾಗಿಲ ಪಕ್ಕದ ಮೊಳೆಗೇ ನೇತುಹಾಕ್ತೀನಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಲ್ಲ.